ಹನ್ನೆರಡಕ್ಕೂ ನೂರಾ ಒಂದು

ಇಪ್ಪತ್ತೆಂಟು ವರ್ಷ ನಾನು ಧೂಳಿನ ಕೆಲಸ ಮಾಡಿದೆ. ಗೋವಾದಲ್ಲಿ ಹಾಗೆಂದರೆ ಜನ ಗಣಿ ಎಂದುಕೊಳ್ಳುತ್ತಾರೆ. ನನ್ನ ಧೂಳು ಇದ್ದದ್ದು ದೂರದ ಗ್ಯಾಲಕ್ಸಿಗಳಲ್ಲಿ. ನಾನಿದ್ದದ್ದು ಕೆಪೆ ರಸ್ತೆಯ ಪಕ್ಕದ ಒಂದು ಸಂಶೋಧನಾ ಕೇಂದ್ರದ ಏಸಿ ಕೋಣೆಯಲ್ಲಿ. ಈಚೆಗೆ ಅದೇ ಕೋಣೆಗೆ ಕೆಲಸಕ್ಕೆ ಸೇರಿದವರು ಬಂದು, ಆಗ ಹೇಗಿತ್ತು, ನಾಲ್ಕು ಮಾತು ಬರೆದುಕೊಡಿ ಎಂದರು. ಬರೆಯುತ್ತೇನೆ. ಬಡ್ತಿಯ ಸುದ್ದಿ ಮಾತ್ರ ಬೇಡ. ನನಗೆ ಬಡ್ತಿ ಸಿಕ್ಕಿದ್ದು ಎರಡೇ ಸಲ. ಎರಡು ಸಲವೂ ಬಾಗಿಲಿನ ಬೋರ್ಡು ಬದಲಾಯಿತು, ಒಳಗಿನ ಕುರ್ಚಿ ಬದಲಾಗಲಿಲ್ಲ.

ನಮ್ಮದು ನವಲಗುಂದದ ಕಡೆ. ಅಪ್ಪ ವಾಸ್ಕೋ ಬಂದರಿನಲ್ಲಿ ಮೂಟೆ ಇಳಿಸಲು ಬಂದವನು. ನಾನು ಡಿಪ್ಲೊಮಾ ಮಾಡಿ, ಪ್ರಯೋಗಾಲಯದ ವೈರು ಫ್ಯೂಜು ನೋಡಿಕೊಳ್ಳಲು ಕೇಂದ್ರಕ್ಕೆ ಸೇರಿದೆ. ಮುಂದೆ ಕಂಪ್ಯೂಟರ್ ಬಂತು. ಅದನ್ನು ಮುಟ್ಟಿ ಕೆಡಿಸಿದರೆ ಯಾರು ಜವಾಬ್ದಾರಿ ಎಂದು ಪ್ರೊಫೆಸರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ನನ್ನ ಮುಖ ನೋಡಿದರು. ಹಾಗೆ ನಾನು ಖಗೋಳ ವಿಜ್ಞಾನಕ್ಕೆ ಬಂದೆ.

ಕೆಲಸ ಏನೆಂದರೆ: ಗ್ಯಾಲಕ್ಸಿಯಲ್ಲಿ ನಕ್ಷತ್ರಗಳಿವೆ, ನಡುವೆ ಧೂಳಿದೆ. ನಕ್ಷತ್ರದಿಂದ ಹೊರಟ ಬೆಳಕು ಧೂಳಿಗೆ ಬಡಿದರೆ ಅತ್ತಿತ್ತ ಚದುರುತ್ತದೆ, ಇಲ್ಲವೇ ಧೂಳು ಅದನ್ನು ನುಂಗುತ್ತದೆ. ನುಂಗಿ ಅರಗಿಸಿಕೊಳ್ಳಲು ಮಾತ್ರ ಆಗುವುದಿಲ್ಲ. ಬಿಸಿಯಾಗಿ, ಕಣ್ಣಿಗೆ ಕಾಣದ ಬೇರೆ ಬೆಳಕಾಗಿ ಹೊರಗೆ ಬಿಡುತ್ತದೆ. ಇದೆಲ್ಲ ದೂರದಿಂದ ಹೇಗೆ ಕಂಡೀತು ಎಂಬುದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡಬೇಕು. ಬೆಳಕಿನ ಒಂದೊಂದು ಚೂರನ್ನೂ ಬಿಡುವುದು. ಯಾವ ದಿಕ್ಕಿಗೆ, ಎಷ್ಟು ದೂರ, ಬಡಿದಾಗ ಏನಾಯಿತು, ಪ್ರತಿಯೊಂದಕ್ಕೂ ಕವಡೆ ಎಸೆದು ನಿರ್ಧರಿಸುವುದು. ಹೀಗೆ ಕೋಟಿಗಟ್ಟಲೆ ಸಲ ಮಾಡಿದರೆ ಒಂದು ಚಿತ್ರ ಮೂಡುತ್ತದೆ. ಚೂರು ಕಡಿಮೆ ಬಿಟ್ಟರೆ ಚಿತ್ರದಲ್ಲಿ ಇಲ್ಲದ ಕಲೆಗಳು ಕಾಣುತ್ತವೆ, ಹೆಚ್ಚು ಬಿಟ್ಟಷ್ಟೂ ಅವು ಅಳಿಸಿ ಹೋಗುತ್ತವೆ.

ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದನ್ನೇ ವಿವರಿಸಿದೆ. ನಕ್ಷತ್ರದ ಕೆಲಸ ಎಂದು ಕೇಳಿ ಅವನು ಆಗಲೇ ಮಗಳ ಜಾತಕ ತಂದಿಟ್ಟುಕೊಂಡಿದ್ದ. ನಕ್ಷತ್ರ ಅಲ್ಲ, ನಡುವಿನ ಧೂಳು ಎಂದೆ.

"ಧೂಳ ನೋಡಾಕ ಸರಕಾರ ಪಗಾರ ಕೊಡ್ತೈತೇನೋ ಬಸ್ಯಾ? ನಮ್ಮ ಹಿತ್ತಲಕ ಬಾ, ಪುಕ್ಕಟೆ ತೋರಸ್ತೇನಿ" ಎಂದ.

ಮೊದಮೊದಲು ಒಂದೇ ಕಂಪ್ಯೂಟರ್ ಇತ್ತು. ಆ ಕಾಲದ ನನ್ನ ದೊಡ್ಡ ಪ್ರಮಾದ ಕೇಳಿ. ಗ್ಯಾಲಕ್ಸಿಯ ಧೂಳಿನ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಗಾತ್ರ ಒತ್ತುವಾಗ ನಾನು ನಾಲ್ಕು ಸೊನ್ನೆ ನುಂಗಿ, ಕಣಗಳನ್ನೆಲ್ಲ ಹುಣಸೆ ಬೀಜದಷ್ಟು ಮಾಡಿಬಿಟ್ಟೆ. ಇಡೀ ಗ್ಯಾಲಕ್ಸಿ ಕತ್ತಲಾಯಿತು. ನಮ್ಮ ಮುಖ್ಯಸ್ಥರು ನಾಯಕ ಸರ್, ಕಾರವಾರದವರು, ದೊಡ್ಡ ಮಿದುಳು, ಅದಕ್ಕಿಂತ ದೊಡ್ಡ ದನಿ. ಆ ಕಪ್ಪು ಹಾಳೆಯನ್ನು ಎರಡು ದಿನ ನೋಡಿ "ಕುತೂಹಲಕರವಾಗಿದೆ" ಎಂದರು. ಕಾರಣ ವಿವರಿಸಿ ಎರಡು ಪುಟವನ್ನೂ ಬರೆದರು. ಮೂರನೆಯ ದಿನ ನಾನು ತಪ್ಪು ಒಪ್ಪಿಕೊಂಡೆ. ನನಗೆ ಮೆಮೊ ಕೊಟ್ಟರೆ ತಮ್ಮ ಎರಡು ಪುಟವೂ ಹೊರಗೆ ಬರುತ್ತವೆಂದು ಅವರು ಸುಮ್ಮನಾದರು. ಕಚೇರಿಗಳಲ್ಲಿ ಕ್ಷಮೆ ಬಹುಪಾಲು ಈ ದಾರಿಯಿಂದಲೇ ಬರುತ್ತದೆ.

ಈಗ ಅಸಲಿಗೆ ಬರುತ್ತೇನೆ. ಕಂಪ್ಯೂಟರಿಗೆ ಕವಡೆ ಎಸೆಯಲು ಕೈಯಿಲ್ಲ. ಅದು ಒಂದು ಸೂತ್ರ ಹಿಡಿದು ಅಂಕಿಗಳ ಉದ್ದನೆಯ ಸಾಲು ಹುಟ್ಟಿಸಿ ಅದನ್ನೇ ಕವಡೆ ಎನ್ನುತ್ತದೆ. ಸಾಲು ಶುರುವಾಗಲು ನಾವೊಂದು ಸಂಖ್ಯೆ ಕೊಡಬೇಕು. ಕೊಟ್ಟ ಸಂಖ್ಯೆ ಒಂದೇ ಆದರೆ ಮುಂದಿನ ಸಾಲೂ ಅದೇ, ಒಂದಂಕಿ ಆಚೀಚೆ ಆಗುವುದಿಲ್ಲ. ಇದು ಸೂಚನೆಯ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಪುಸ್ತಕವನ್ನು ನಾನು ಮಾನಿಟರಿನ ಕೆಳಗೆ ಎತ್ತರಕ್ಕೆ ಇಟ್ಟಿದ್ದೆ. ಒಂದೇ ಕಂಪ್ಯೂಟರ್ ಇದ್ದಾಗ ಯಾವ ಸಂಖ್ಯೆ ಕೊಟ್ಟರೂ ನಡೆಯುತ್ತಿತ್ತು. ಮದುವೆಗೆ ಮುಯ್ಯಿ ಹಾಕುವ ಹಾಗೆ ನಾನು ಯಾವಾಗಲೂ ನೂರಾ ಒಂದು ಕೊಡುತ್ತಿದ್ದೆ. ಶುಭಸಂಖ್ಯೆ.

ಆಮೇಲೆ ಪದ್ಧತಿ ಬದಲಾಯಿತು. ಹನ್ನೆರಡು ಕಂಪ್ಯೂಟರ್ ತಂದು ಸಾಲಾಗಿ ಜೋಡಿಸಿದೆವು. ಒಂದೊಂದೂ ಬೇರೆ ಬೇರೆಯಾಗಿ ಬೆಳಕಿನ ಚೂರುಗಳನ್ನು ಬಿಡುವುದು, ಕೊನೆಗೆ ಎಲ್ಲವನ್ನೂ ಕೂಡಿಸುವುದು. ಒಂದು ವರ್ಷದ ಕೆಲಸ ಒಂದು ತಿಂಗಳಿಗೆ ಮುಗಿಯುತ್ತದೆ. ಅದೇ ಹೊತ್ತಿಗೆ ಶಾಹೀನ್ ಪಿಎಚ್‌ಡಿಗೆ ಸೇರಿದಳು. ಅವಳ ತಂದೆ ಮಾಬೂಸಾಬ್ ಗದಗಿನ ಕಡೆಯವರು, ಅದಿರಿನ ಟ್ರಕ್ಕು ಓಡಿಸುತ್ತಿದ್ದರು. ವಾಸ್ಕೋದ ಬಾಯ್ನಾ ಕಡಲದಂಡೆಯ ವಸತಿಯನ್ನು ಸರಕಾರ ಕೆಡವಿದಾಗ ಅಲ್ಲಿದ್ದ ಇವರ ಮನೆಯೂ ಹೋಗಿತ್ತು. ಆಮೇಲೆ ಕೆಪೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. ಮನೆ ಕೆಡವಿದ ದಿನ ಅವಳು ಎಂಎಸ್ಸಿ ಪುಸ್ತಕಗಳನ್ನು ಟ್ರಕ್ಕಿನ ಕ್ಯಾಬಿನ್ನಿನಲ್ಲಿಟ್ಟು, ಮೂರು ವಾರ ಅಲ್ಲೇ ಕೂತು ಓದಿದವಳು. ಈ ಪಿಎಚ್‌ಡಿ ಮುಗಿಸಿ ಹೊರಗಿನ ದೊಡ್ಡ ಸಂಸ್ಥೆಯಲ್ಲಿ ಸಂಶೋಧಕಿಯಾಗಬೇಕು ಎಂಬುದೊಂದೇ ಅವಳಿಗಿದ್ದ ಆಸೆ. ನಾಯಕ ಸರ್ ನನ್ನನ್ನು ಬಸವರಾಜ ಎನ್ನುತ್ತಿದ್ದರು, ಅವಳು ಕಾಕಾ ಎನ್ನುತ್ತಿದ್ದಳು. ಅವಳ ಕನ್ನಡ ಕೇಳಿದರೆ ನನಗೆ ಊರು ನೆನಪಾಗುತ್ತಿತ್ತು.

ನಮ್ಮ ಕಿಟಕಿಯ ಮುಂದೆ ದಿನವಿಡೀ ಅದಿರಿನ ಟ್ರಕ್ಕುಗಳು ಹೋಗುತ್ತಿದ್ದವು. ಒದ್ದೆ ಗೋಣಿಚೀಲ ಬಾಗಿಲಿಗೆ ಹಾಸಿದರೂ, ಚಪ್ಪಲಿ ಹೊರಗೆ ಬಿಡಿಸಿದರೂ ಕೆಂಪು ಧೂಳು ಒಳಗೆ ಬರುತ್ತಿತ್ತು. ಕಂಪ್ಯೂಟರಿನ ಫ್ಯಾನಿಗೆ ಮೆತ್ತಿಕೊಂಡು ಕಾವೇರಿಸಿ ಅದನ್ನು ನಿಲ್ಲಿಸುತ್ತಿತ್ತು. ಆಕಾಶದ ಧೂಳು ಅಳೆಯುವ ಲೆಕ್ಕ ರಸ್ತೆಯ ಧೂಳಿನಿಂದ ನಿಲ್ಲುವುದು ನಮಗೆ ರೂಢಿಯಾಗಿತ್ತು. ನಾನು ಪೇಂಟಿನ ಬ್ರಶ್ ಹಿಡಿದು ಗುಡಿಸುತ್ತ "ನಿಮ್ಮಪ್ಪನ ಪ್ರಸಾದ ಬಂತು ನೋಡವಾ" ಎನ್ನುತ್ತಿದ್ದೆ.

"ಅಪ್ಪಾರು ರಸ್ತೆ ಧೂಳ, ನಾನು ಆಕಾಶದ ಧೂಳ. ನಮ್ಮ ಮನಿಯವ್ರು ಒಂದೂ ಬಿಟ್ಟಿಲ್ರಿ ಕಾಕಾ" ಎಂದು ಅವಳು ನಗುತ್ತಿದ್ದಳು.

ಶಾಹೀನಳ ಮುಖ್ಯ ಲೆಕ್ಕ ಶುರುವಾದದ್ದು ಖಂಡೇನವಮಿಯ ದಿನ. ಮುಹೂರ್ತ ನೋಡಿದ್ದು ನಾನೇ. ಹನ್ನೆರಡೂ ಕಂಪ್ಯೂಟರಿಗೆ ಕುಂಕುಮ, ಚೆಂಡುಹೂವು. ಕಾಯಿ ಮಾತ್ರ ಹೊರಗೆ ಒಡೆಯಬೇಕೆಂದು ನಾಯಕ ಸರ್ ಆಜ್ಞೆ. ಪೂಜೆ ಮುಗಿಸಿ ಒಂದನೆಯದರಿಂದ ಹನ್ನೆರಡನೆಯದರವರೆಗೆ ಬಡಿಸುತ್ತ ಹೋದವನ ಹಾಗೆ ಹೋದೆ. ಪ್ರತಿಯೊಂದೂ ಶುರುವಿನ ಸಂಖ್ಯೆ ಕೇಳಿತು. ಪ್ರತಿಯೊಂದಕ್ಕೂ ನೂರಾ ಒಂದು ಕೊಟ್ಟೆ. ಪಂಕ್ತಿಭೇದ ಮಾಡಬಾರದು ಎಂಬುದು ನಮ್ಮ ಮನೆಯಲ್ಲಿ ಕಲಿತ ಪಾಠ. ಒಬ್ಬನಿಗೆ ಹೋಳಿಗೆ, ಇನ್ನೊಬ್ಬನಿಗೆ ಅನ್ನ ಬಡಿಸುವ ಜಾತಿ ನಾನಲ್ಲ. ಶಾಹೀನ್ ಪಕ್ಕದಲ್ಲೇ ನಿಂತು ಕೊಬ್ಬರಿ ಸಕ್ಕರೆ ತಿನ್ನುತ್ತಿದ್ದಳು.

ಎರಡನೆಯ ವಾರದಲ್ಲಿ ಏಳನೆಯ ಕಂಪ್ಯೂಟರ್ ಧೂಳು ಕಟ್ಟಿ ನಿಂತಿತು. ಅಲ್ಲಿಯವರೆಗಿನ ಲೆಕ್ಕವೆಲ್ಲ ಹೋಯಿತು. ಗುಡಿಸಿ, ಮತ್ತೆ ಮೊದಲಿನಿಂದ ಶುರುಮಾಡಿದೆ. ಶುರುವಿನ ಸಂಖ್ಯೆ ಕೇಳಿತು. ಆವತ್ತು ಹಬ್ಬವಿರಲಿಲ್ಲ, ಸೆಕೆಯಿತ್ತು, ನನಗೆ ಸಿಟ್ಟು ಬಂದಿತ್ತು. ಕಿಟಕಿಯಾಚೆ ಗೇರು ಬದಲಿಸುತ್ತ ನಿಂತಿದ್ದ ಟ್ರಕ್ಕಿನ ಹಿಂದಿನ ನಂಬರನ್ನು ನೋಡಿ ಒತ್ತಿದೆ.

ಮಿಕ್ಕ ಹನ್ನೊಂದು ಮೊದಲು ಮುಗಿದವು. ಚಿತ್ರದಲ್ಲಿ, ಗ್ಯಾಲಕ್ಸಿಯ ಧೂಳಿನ ಪಟ್ಟಿಯ ಆಚೆ, ಯಾರೂ ಎಣಿಸದ ಒಂದು ಸಣ್ಣ ಬೆಳಕಿನ ಕಮಾನು. ಯಾವ ಕಂಪ್ಯೂಟರಿನ ಚಿತ್ರ ತೆಗೆದರೂ ಅದೇ ಜಾಗದಲ್ಲಿ ಅದೇ ಕಮಾನು.

"ನೋಡು ಬಸವರಾಜ, ಹನ್ನೊಂದು ಸಾಕ್ಷಿ, ಒಂದೇ ಮಾತು. ಇನ್ನೇನು ಬೇಕು?" ನಾಯಕ ಸರ್ ಕಾರಿಡಾರಿಗೆಲ್ಲ ಕೇಳುವಂತೆ ಹೇಳಿದರು. "ಏಳನೆಯದು ಬರಲಿ, ಅದೂ ಇದನ್ನೇ ಹೇಳ್ತದೆ."

ಏಳನೆಯದು ಎರಡು ವಾರ ತಡವಾಗಿ ಬಂತು. ಅದರಲ್ಲಿ ಕಮಾನು ಇರಲಿಲ್ಲ.

"ಏಳನೇದರಾಗ ಯಾಕಿಲ್ರಿ ಸರ್?" ಎಂದು ಶಾಹೀನ್ ಕೇಳಿದಳು.

"ಧೂಳು ತಿಂದು ಕೆಟ್ಟಿದೆ. ಅದನ್ನ ಕಂಡಮ್ ಮಾಡು ಬಸವರಾಜ" ಎಂದರು ಸರ್.

ಕಂಡಮ್ ಮಾಡಲು, ಅಂದರೆ ಕೆಲಸಕ್ಕೆ ಬಾರದ್ದೆಂದು ತೆಗೆದುಹಾಕಲು, ನಮ್ಮಲ್ಲಿ ಒಂದು ಫಾರಂ ಇದೆ, ಕಾರಣ ಬರೆಯಬೇಕು. ಕಾರಣಕ್ಕಾಗಿ ರಿಜಿಸ್ಟರ್ ತೆಗೆದೆ. ಶುರುವಿನ ಸಂಖ್ಯೆ ಎಂಬ ಕಾಲಮ್ಮಿನಲ್ಲಿ ನನ್ನದೇ ಕೈಬರಹ: ನೂರಾ ಒಂದು, ನೂರಾ ಒಂದು, ನೂರಾ ಒಂದು. ಏಳನೆಯದರ ಮುಂದೆ ಟ್ರಕ್ಕಿನ ನಂಬರು. ಮಾನಿಟರಿನ ಕೆಳಗಿನ ಪುಸ್ತಕವನ್ನು ಆವತ್ತು ಮೊದಲ ಸಲ ಎಳೆದು ಓದಿದೆ. ಆಮೇಲೆ ಎರಡು ಕಂಪ್ಯೂಟರಿನ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಕೊನೆಯ ಅಂಕಿಯವರೆಗೂ ಒಂದೇ. ಹನ್ನೊಂದು ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಹನ್ನೊಂದು ಸಲ ಮಾಡಿದ್ದವು. ಕೆಲವು ಚೂರು ಬೆಳಕು ಆಕಸ್ಮಿಕವಾಗಿ ಒಂದು ಕಡೆ ಸೇರಿ ಕಲೆಯಾಗಿತ್ತು. ಅಳಿಸಿ ಹೋಗಬೇಕಾದ ಆ ಕಲೆಯನ್ನು ನಾನು ಹನ್ನೊಂದು ಪ್ರತಿ ತೆಗೆದಿದ್ದೆ. ಖರೇ ಹೇಳಿದ್ದು ಏಳನೆಯದೊಂದೇ. ಅದನ್ನೇ ಗುಜರಿಗೆ ಹಾಕಲು ನನ್ನ ಕೈಯಲ್ಲಿ ಫಾರಂ ಇತ್ತು.

ಒಂಬತ್ತು ದಿನ ನಾನು ಯಾರಿಗೂ ಹೇಳಲಿಲ್ಲ. ಹೆದರಿದ್ದೆ. ಆ ಒಂಬತ್ತು ದಿನದಲ್ಲಿ ಶಾಹೀನ್ ಕಮಾನಿನ ಮೇಲೆ ಒಂದು ಅಧ್ಯಾಯ ಬರೆದಳು. ಮಾಬೂಸಾಬ್ ಟ್ರಕ್ಕನ್ನು ಗೇಟಿನಾಚೆ ನಿಲ್ಲಿಸಿ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. ಕೆಂಪು ಕೈ ಒರೆಸಿಕೊಂಡು "ತಗೋರಿ ಬಸಣ್ಣಾರ, ನಮ್ಮ ಹುಡುಗಿ ಆಕಾಶದಾಗ ಕಮಾನು ಹುಡುಕ್ಯಾಳಂತ" ಎಂದರು. ತಗೊಂಡೆ. ತಿಂದೆ. ಎರಡು ತಿಂದೆ.

ಹತ್ತನೆಯ ದಿನ ಶಾಹೀನಳನ್ನು ಕೂಡಿಸಿ ರಿಜಿಸ್ಟರ್ ತೋರಿಸಿದೆ. ಅವಳು ಬೆರಳಿಟ್ಟು ಆ ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿದಳು.

"ಅಂದ್ರ ಕಮಾನು ಇಲ್ಲೇನ್ರಿ ಕಾಕಾ?"

"ಇಲ್ಲವಾ."

"ನೀವು ನಂಬರ್ ಒತ್ತೂಮುಂದ ನಾನೂ ಅಲ್ಲೇ ನಿಂತಿದ್ನಲ್ರಿ" ಎಂದಳು. ರಿಜಿಸ್ಟರ್ ಮುಚ್ಚಿ, "ನಡೀರಿ, ಸರ್‌ಗೆ ಹೇಳೂಣು" ಎಂದು ಎದ್ದಳು.

ಇಲ್ಲಿ ಒಂದು ಬಡ್ತಿಯ ಸುದ್ದಿ ಬರೆಯಲೇಬೇಕಾಗಿದೆ. ನನ್ನನ್ನು ತಾಂತ್ರಿಕ ಅಧಿಕಾರಿ ಮಾಡುವ ಫೈಲು ಆ ವಾರ ನಾಯಕ ಸರ್ ಮೇಜಿನ ಮೇಲೆಯೇ ಇತ್ತು. ಅದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿತ್ತು. ಶಾಹೀನಳಿಗೂ.

ಸರ್ ಪೂರ್ತಿ ಕೇಳಿದರು. ಮುಖ ಕೆಂಪಾಯಿತು. "ಹನ್ನೆರಡಕ್ಕೂ ಒಂದೇ ಸಂಖ್ಯೆ! ಯಾರು ಕೊಟ್ಟದ್ದು ಇದನ್ನ?"

ನಾನು ಬಾಯಿ ತೆರೆದೆ. ನನ್ನ ಕಣ್ಣು ಫೈಲಿನ ಕಡೆ ಹೋಯಿತು. ಹೋಗಿ ಬರುವಷ್ಟರಲ್ಲಿ ಶಾಹೀನ್ ಹೇಳಿಬಿಟ್ಟಿದ್ದಳು: "ನಾನ ಕೊಟ್ಟಿದ್ದು ಸರ್."

ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ. ಸರ್ ಅವಳನ್ನು ಅರ್ಧ ಗಂಟೆ ಬೈದರು. ನನ್ನ ಕಡೆ ತಿರುಗಿ "ನೀನಾದರೂ ಹಿಡಿದೆಯಲ್ಲ, ಮರ್ಯಾದೆ ಉಳಿಸಿದೆ" ಎಂದರು. ಇಬ್ಬರೂ ಹೊರಗೆ ಬಂದೆವು.

"ವಿದ್ಯಾರ್ಥಿ ತಪ್ಪ ಮಾಡಿದ್ರ ಕಲಿಯಾಕತ್ತಾಳ ಅಂತಾರ, ನೀವು ಮಾಡಿದ್ರ ಫೈಲ್ ವಾಪಸ್ ಹೋಗತೈತಿ. ಇರ್ಲಿ ಬಿಡ್ರಿ ಕಾಕಾ" ಎಂದಳು.

ಇರ್ಲಿ ಬಿಡ್ರಿ. ಈ ಎರಡು ಶಬ್ದದ ಮೇಲೆ ನಾನು ಎಷ್ಟು ವರ್ಷ ಹಾಯಾಗಿ ಮಲಗಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹನ್ನೆರಡಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟು ಮತ್ತೆ ಓಡಿಸಿದೆವು. ಕಮಾನು ಮಾಯವಾಯಿತು. ಶಾಹೀನ್ ಅಧ್ಯಾಯ ಹರಿದುಹಾಕಿ ಬೇರೆಯದನ್ನು ಬರೆದಳು. ಒಂದು ವರ್ಷ ಹೆಚ್ಚು ಹಿಡಿಯಿತು. ಮಾಬೂಸಾಬ್ ಮತ್ತೆ ಬಂದವರು, ಬಾಗಿಲಲ್ಲೇ ನಿಂತು ಕೇಳಿದರು: "ಬಸಣ್ಣಾರ, ಬಾಯ್ನಾದಾಗ ನಮ್ಮ ಮನಿ ಹೋತು. ಅದು ಇತ್ತು, ಹೋತು, ತಿಳೀತೈತಿ. ಇರಲಾರದ್ದು ಹೆಂಗ್ರಿ ಹೋತು?" ಕಂಪ್ಯೂಟರಿನ ತಪ್ಪು ಎಂದೆ. ಪಾಪ, ಕಂಪ್ಯೂಟರಿಗೆ ಬಾಯಿಯಿಲ್ಲ.

ನನ್ನ ಬಾಗಿಲಿಗೆ ಹೊಸ ಬೋರ್ಡು ಬಂತು. ಶಾಹೀನಳ ಪಿಎಚ್‌ಡಿಯೂ ಮುಗಿಯಿತು. ಅವಳು ಬಯಸಿದ್ದ ಸಂಸ್ಥೆಗೆ ಅರ್ಜಿ ಹಾಕಿದಳು. ಗುರುವಿನ ಶಿಫಾರಸು ಪತ್ರ ಬೇಕಿತ್ತು. ಆ ದಿನ ಆಫೀಸಿನ ಟೈಪಿಸ್ಟ್ ರಜೆ. ನಾಯಕ ಸರ್ ನನ್ನನ್ನು ಕರೆದು ಕೂಡಿಸಿ, ಇಂಗ್ಲಿಷಿನಲ್ಲಿ ಹೇಳುತ್ತ ಹೋದರು, ನಾನು ಒತ್ತುತ್ತ ಹೋದೆ. ಹುಡುಗಿ ಜಾಣೆ, ಕಷ್ಟಪಡುತ್ತಾಳೆ ಎಂದೆಲ್ಲ ಆದ ಮೇಲೆ ಒಂದು ವಾಕ್ಯ ಬಂತು: ಲೆಕ್ಕದ ಕೆಲಸದಲ್ಲಿ ಎಚ್ಚರ ಸಾಲದು, ಒಮ್ಮೆ ಗಂಭೀರ ತಪ್ಪು ಮಾಡಿದ್ದಾಳೆ.

ಬೆರಳು ನಿಂತಿತು. ಕೋಣೆಯಲ್ಲಿ ನಾವಿಬ್ಬರೇ. ನನ್ನ ಬಡ್ತಿಯಾಗಿ ಹೋಗಿತ್ತು, ಇನ್ನು ಯಾರೂ ವಾಪಸು ತಗೊಳ್ಳುವಂತಿರಲಿಲ್ಲ. ಒಂದೇ ಮಾತು ಸಾಕಿತ್ತು.

"ಯಾಕೆ ನಿಂತೆ?" ಎಂದರು ಸರ್.

"ಸ್ಪೆಲ್ಲಿಂಗ್ ನೋಡ್ತಿದ್ದೆ ಸರ್" ಎಂದೆ. ಒಂದು ಶಬ್ದದಲ್ಲಿ ಖರೇನೇ ಒಂದು ಅಕ್ಷರ ತಪ್ಪಿತ್ತು. ಅದನ್ನು ತಿದ್ದಿದೆ. ಪತ್ರ ಹೋಯಿತು. ಅವಳಿಗೆ ಆ ಕೆಲಸ ಸಿಗಲಿಲ್ಲ. ಪತ್ರದಿಂದಲೇ ಸಿಗಲಿಲ್ಲವೆಂದು ಯಾರೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ವಾಸ್ಕೋದ ಒಂದು ಹೈಯರ್ ಸೆಕೆಂಡರಿಯಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದಳು, ಈಗಲೂ ಅಲ್ಲೇ ಇದ್ದಾಳೆ.

ಗಣಿ ನಿಂತ ವರ್ಷವೇ ನಾನೂ ನಿಂತೆ. ರಸ್ತೆಯಲ್ಲಿ ಟ್ರಕ್ಕಿಲ್ಲ, ಫ್ಯಾನಿನಲ್ಲಿ ಧೂಳಿಲ್ಲ. ಗುಡಿಸುವವನು ಬೇಡವಾದ ಹೊತ್ತಿಗೆ ಸರಿಯಾಗಿ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಶಾಲು, ಹಣ್ಣು, ಗಣಪತಿಯ ಮೂರ್ತಿ. ನಾಯಕ ಸರ್ ಆಗಲೇ ನಿವೃತ್ತರಾಗಿದ್ದವರು ಮುಖ್ಯ ಅತಿಥಿಯಾಗಿ ಬಂದು ಭಾಷಣ ಮಾಡಿದರು. "ಒಬ್ಬಳು ಹುಡುಗಿ ಹನ್ನೆರಡು ಕಂಪ್ಯೂಟರಿಗೂ ಒಂದೇ ಸಂಖ್ಯೆ ಕೊಟ್ಟು ಆಕಾಶದಲ್ಲಿ ಕಮಾನು ಕಟ್ಟಿದ್ದಳು. ಹಿಡಿದದ್ದು ಯಾರು? ನಮ್ಮ ಬಸವರಾಜ!" ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಶಾಲು ಹೊದ್ದು ನಾನೂ ನಕ್ಕೆ. ಈ ಕಥೆ ಈಗಲೂ ಕೇಂದ್ರದಲ್ಲಿ ಹೊಸಬರಿಗೆಲ್ಲ ಹೇಳುತ್ತಾರಂತೆ, ಎಲ್ಲರೂ ಒಂದೇ ರೀತಿ. ಬರೆದುಕೊಡಿ ಎಂದು ಬಂದವರೂ ಅದನ್ನೇ ಮೊದಲು ನೆನೆಸಿ ನಕ್ಕರು.

ಅವರಿಗೆ ನಾನು ಹೇಳುವುದಿಷ್ಟು. ಶುರುವಿನ ಸಂಖ್ಯೆ ಬೇರೆ ಬೇರೆ ಕೊಡಿ. ಸೂಚನೆಯ ಪುಸ್ತಕವನ್ನು ಮಾನಿಟರಿನ ಕೆಳಗಿಂದ ತೆಗೆಯಿರಿ. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರೆ, ಮೊದಲು ಹೇಳಿದವರು ಯಾರು ಎಂದು ಕೇಳಿ. ಹನ್ನೆರಡಕ್ಕೂ ನೂರಾ ಒಂದು ಒತ್ತಿದ್ದು ನಾನು. ಶಾಹೀನ್ ಅಲ್ಲ.

ಇದನ್ನು ಕಳಿಸುವ ಮೊದಲು ಅವಳಿಗೆ ಫೋನ್ ಮಾಡಿ ಎಲ್ಲವನ್ನೂ ಓದಿ ಹೇಳಿದೆ. ಪತ್ರ ಟೈಪು ಮಾಡಿದ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಆ ಭಾಗ ಓದಿ ನಿಲ್ಲಿಸಿದೆ. ಆ ಕಡೆ ಹಿಂದಿನಿಂದ ಶಾಲೆಯ ಮಕ್ಕಳ ಗದ್ದಲ ಕೇಳುತ್ತಿತ್ತು.

"ಸ್ಪೆಲ್ಲಿಂಗ್ ತಿದ್ದಿದ್ರೇನ್ರಿ?" ಎಂದಳು.

"ಹೌದವಾ."

"ಅದನ್ನೂ ಬಿಡಬ್ಯಾಡ್ರಿ ಕಾಕಾ, ಬರೀರಿ. ನನ್ನ ಹೆಸರೂ ಖರೇದ ಹಾಕ್ರಿ."

ನಾನು ಫೋನು ಕಿವಿಗೊತ್ತಿ ಹಿಡಿದುಕೊಂಡೇ ಇದ್ದೆ. ಇರ್ಲಿ ಬಿಡ್ರಿ ಎಂಬ ಆ ಎರಡು ಶಬ್ದ ಇನ್ನೊಮ್ಮೆ ಬರುತ್ತವೆಂದು ಕಾಯುತ್ತಿದ್ದೆ. ಆ ಕಡೆ ಶಾಲೆಯ ಗಂಟೆ ಹೊಡೆಯಿತು.

"ಕ್ಲಾಸಿಗೆ ಹೊತ್ತಾತ್ರಿ, ಇಡ್ತೇನಿ" ಎಂದಳು, ಇಟ್ಟಳು.